ಉಸಿರಿಗೆ ಎರಡು ತೂಕದ ಕಲ್ಲು
(ಗಿರಣಿ ಕಾರ್ಮಿಕರ ಸಭೆಯಲ್ಲಿ ಮಾಡಿದ ಭಾಷಣ)



ಅಂಗಡಿಯಲ್ಲಿ ಮುದ್ರೆಯಿಲ್ಲದ ತೂಕದ ಕಲ್ಲು ಇಟ್ಟರೆ ಇನ್‌ಸ್ಪೆಕ್ಟರು ಬಂದು ದಂಡ ಹಾಕುತ್ತಾರೆ. ಸರಿಯೇ. ಆದರೆ ಮೈಬಣ್ಣ ನೋಡಿ ಮನುಷ್ಯನ ಉಸಿರನ್ನು ಬೇರೆ ಬೇರೆ ಕಲ್ಲಿನಲ್ಲಿ ತೂಗಿದ ವೈದ್ಯಶಾಸ್ತ್ರಕ್ಕೆ ನೂರೈವತ್ತು ವರ್ಷ ಯಾರೂ ದಂಡ ಹಾಕಲಿಲ್ಲ.

ಹತ್ತಿಯ ಧೂಳು ಕುಡಿದು ದಮ್ಮು ಹಿಡಿದವರ ಕೈಗೆ ಡಾಕ್ಟರು ಕೊಳವೆ ಕೊಟ್ಟು ಜೋರಾಗಿ ಊದಿಸುತ್ತಾರಲ್ಲ, ಅದೇ ಸ್ಪೈರೋಮೀಟರು. 1840ರ ದಶಕದಲ್ಲಿ ಲಂಡನ್ನಿನ ಹಚಿನ್‌ಸನ್ ಎಂಬ ವೈದ್ಯ ಅದನ್ನು ರೂಪಿಸಿದ. ಯಂತ್ರದ ತಪ್ಪೇನಿಲ್ಲ. ಅದು ಗುಲಾಮಗಿರಿಯ ಅಮೆರಿಕಕ್ಕೆ ಹೋದ ಮೇಲೆ ಕೆಲಸ ಕೆಟ್ಟಿತು. ಕಾರ್ಟ್‌ರೈಟ್ ಎಂಬ ಡಾಕ್ಟರು, ಗುಲಾಮ ಓಡಿಹೋಗುವುದೇ ಒಂದು ಮನೋರೋಗವೆಂದು 1851ರಲ್ಲಿ ಬರೆದ ಮಹಾಶಯ, ಕಪ್ಪು ಜನರ ಉಸಿರಿನ ಶಕ್ತಿ ಬಿಳಿಯರಿಗಿಂತ ಶೇಕಡಾ 20 ಕಡಿಮೆ, ದುಡಿಮೆಯೇ ಅದಕ್ಕೆ ಮದ್ದು ಎಂದು ಸಾರಿದ. ಎಂಥ ಮದ್ದು! 1869ರಲ್ಲಿ ಗೂಲ್ಡ್ ಎಂಬ ಖಗೋಳ ಶಾಸ್ತ್ರಜ್ಞ ಅಂತರ್ಯುದ್ಧದ ಸಿಪಾಯಿಗಳ ಅಳತೆಯ ಸರ್ವೇ ಪ್ರಕಟಿಸಿ, ಅಂಥದೇ ವ್ಯತ್ಯಾಸ ತೋರಿಸಿದ. ಅಳತೆಯಲ್ಲಿ ವ್ಯತ್ಯಾಸ ಕಂಡಿರಬಹುದು. ಆದರೆ ನಿನ್ನೆಯವರೆಗೆ ಸಂಕೋಲೆಯಲ್ಲಿದ್ದವನು ಏನು ತಿಂದ, ಎಲ್ಲಿ ಮಲಗಿದ ಎಂದು ನಕ್ಷತ್ರ ಎಣಿಸುವವನು ಲೆಕ್ಕ ಹಿಡಿಯಲಿಲ್ಲ. ಹಸಿವಿನ ಗುರುತನ್ನು ಹುಟ್ಟಿನ ಗುಣವೆಂದು ಬರೆದುಬಿಟ್ಟರು.

ಮುಂದೆ ಅದೇ ಪದ್ಧತಿಯಾಯಿತು. ಅಮೆರಿಕದಲ್ಲಿ ಕಪ್ಪು ಜನರಿಗೆ ಶೇಕಡಾ 10ರಿಂದ 15, ನಮ್ಮಂಥ ಏಷ್ಯಾದವರಿಗೆ 4ರಿಂದ 6 ಮೊದಲೇ ಕಡಿತ. ಇದರ ಪರಿಣಾಮ ನೋಡಿ. ಒಬ್ಬ ಬಿಳಿಯ 4 ಲೀಟರು ಊದಬೇಕು ಎಂದಿಟ್ಟುಕೊಳ್ಳೋಣ. ಅದೇ ವಯಸ್ಸು, ಅದೇ ಎತ್ತರದ ಕಪ್ಪು ಕಾರ್ಮಿಕನಿಗೆ 3.4 ಸಾಕು ಎನ್ನುತ್ತದೆ ಪಟ್ಟಿ. ಇಬ್ಬರೂ ಊದಿದ್ದು 3 ಲೀಟರು. ಬಿಳಿಯನದು ಶೇಕಡಾ 75. ವಾಡಿಕೆಯ 80ರ ಗೆರೆಗಿಂತ ಕೆಳಗೆ, ಆದ್ದರಿಂದ ರೋಗಿ. ಕಪ್ಪು ಕಾರ್ಮಿಕನದು ಶೇಕಡಾ 88. ಆರೋಗ್ಯವಂತ, ನಾಳೆ ಪಾಳಿಗೆ ಬಾ!

ಮಾಲೀಕರಿಗೆ ಈ ಲೆಕ್ಕ ಬೇಗ ಅರ್ಥವಾಗುತ್ತದೆ. 1999ರಲ್ಲಿ ಓವೆನ್ಸ್ ಕಾರ್ನಿಂಗ್ ಕಂಪನಿ ಬಾಲ್ಟಿಮೋರಿನ ಕೋರ್ಟಿನಲ್ಲಿ, ಆಸ್‌ಬೆಸ್ಟಾಸ್ ಧೂಳಿನಿಂದ ಎದೆ ಕೆಟ್ಟ ಕಪ್ಪು ಕಾರ್ಮಿಕರು ಬಿಳಿಯರಿಗಿಂತ ಹೆಚ್ಚು ಕೆಟ್ಟ ಉಸಿರು ತೋರಿಸಿದರೆ ಮಾತ್ರ ದಾವೆ ನಡೆಯಲಿ ಎಂದು ಕೇಳಿತು. ಧೂಳು ಮಾತ್ರ ಇಬ್ಬರಿಗೂ ಒಂದೇ.

2023ರಲ್ಲಿ ಅಮೆರಿಕದ ಎದೆರೋಗ ತಜ್ಞರ ಸಂಘವೇ ಜನಾಂಗದ ಕಡಿತ ಬಿಟ್ಟು ಎಲ್ಲರಿಗೂ ಒಂದೇ ಸೂತ್ರ ಬಳಸಿ ಎಂದಿತು. ತಡವಾಗಿಯಾದರೂ ಹೇಳಿತು.

ಇನ್ನು ನಮ್ಮ ಕೆಲಸ. ಊದುವ ಪರೀಕ್ಷೆ ಮಾಡಿಸಿದಾಗ ಚೀಟಿಯ ನಕಲು ಕೇಳಿ ತೆಗೆದುಕೊಳ್ಳಿ. ಅದರಲ್ಲಿ ಎರಡು ಅಂಕಿಗಳಿರುತ್ತವೆ: ನೀವು ಊದಿದ್ದು, ನೀವು ಊದಬೇಕಾಗಿದ್ದು. ಎರಡನೆಯದು ಯಾವ ಸೂತ್ರದಿಂದ ಬಂತು ಸ್ವಾಮಿ ಎಂದು ಡಾಕ್ಟರನ್ನು ಕೇಳಿ, ಉತ್ತರವನ್ನು ಬರೆಸಿಕೊಂಡು ಯೂನಿಯನ್ ಕಚೇರಿಗೆ ತನ್ನಿ.