ಕ್ರಯೊಲೈಟ್ ಮತ್ತು ‘ಕರಗು’ ಎಂಬ ಪದ



ಕೊಲ್ಹಾಪುರ ಜಿಲ್ಲೆಯ ಘಟ್ಟಪ್ರದೇಶದಲ್ಲಿ ಬಾಕ್ಸೈಟ್ ಅದಿರಿದೆ. ಇಚಲಕರಂಜಿ, ಗಡಹಿಂಗ್ಲಜಗಳ ನಮ್ಮ ಮಕ್ಕಳಿಗೆ ಅಲ್ಯುಮಿನಿಯಂ ಪಾಠವು ದೂರದ ವಿಷಯವಲ್ಲ. ಆದರೂ ಅವರು ಒಂದೆಡೆ ಎಡವುತ್ತಾರೆ.

ಬಾಕ್ಸೈಟಿನಿಂದ ದೊರೆಯುವ ಅಲ್ಯುಮಿನ ದ್ರವಿಸಲು 2000 ಡಿಗ್ರಿ ಸೆಲ್ಸಿಯಸ್‌ಗೂ ಮಿಕ್ಕ ಉಷ್ಣತೆ ಬೇಕು. 1886ರಲ್ಲಿ ಅಮೆರಿಕದ ಹಾಲ್ ಮತ್ತು ಫ್ರಾನ್ಸಿನ ಎರೂ ಪ್ರತ್ಯೇಕವಾಗಿ ಇದಕ್ಕೆ ಪರಿಹಾರ ಕಂಡರು. ಸೋಡಿಯಂ, ಅಲ್ಯುಮಿನಿಯಂ, ಫ್ಲೋರಿನ್‌ಗಳ ಲವಣವಾದ ಕ್ರಯೊಲೈಟ್ ಸುಮಾರು 1010 ಡಿಗ್ರಿಯಲ್ಲಿ ದ್ರವಿಸುತ್ತದೆ. ಆ ದ್ರವದಲ್ಲಿ ಅಲ್ಯುಮಿನ ವಿಲೀನವಾಗುತ್ತದೆ. ಮಿಶ್ರಣವು ಇನ್ನೂ ಕಡಿಮೆ ಉಷ್ಣತೆಯಲ್ಲಿ, ಅಂದರೆ ಸುಮಾರು 960 ಡಿಗ್ರಿಯಲ್ಲಿ, ದ್ರವವಾಗಿಯೇ ಉಳಿಯುವುದರಿಂದ ವಿದ್ಯುದ್ವಿಭಜನೆ ಸಾಧ್ಯವಾಗುತ್ತದೆ. ಬೇರ್ಪಟ್ಟ ಲೋಹ ತಳದಲ್ಲಿ ಸಂಗ್ರಹವಾಗುತ್ತದೆ.

ನಮ್ಮ ‘ಕರಗು’ ಎಂಬ ಒಂದೇ ಪದ ಬೆಣ್ಣೆಗೂ ಸಲ್ಲುತ್ತದೆ, ನೀರಿಗೆ ಹಾಕಿದ ಸಕ್ಕರೆಗೂ ಸಲ್ಲುತ್ತದೆ. ಆದ್ದರಿಂದಲೇ ‘ಅಲ್ಯುಮಿನ 960 ಡಿಗ್ರಿಗೆ ಕರಗುತ್ತದೆ’ ಎಂಬ ಉತ್ತರದಲ್ಲಿ ಮಗು ಯಾವುದನ್ನು ಗ್ರಹಿಸಿದೆ ಎಂಬುದು ತಿಳಿಯದು. ಮರಾಠಿಯಲ್ಲಿ ‘ವಿತಳಣೇ’, ‘ವಿರಘಳಣೇ’ ಎಂಬ ಎರಡು ಪದಗಳಿವೆ. ಬೀದಿಯಲ್ಲಿ ನಮ್ಮ ಮಕ್ಕಳು ಅವೆರಡನ್ನೂ ಕೇಳಿ ಬಲ್ಲರು. ಅದನ್ನೇ ಆಧಾರವಾಗಿಸಿಕೊಂಡು ‘ದ್ರವಿಸು’, ‘ವಿಲೀನವಾಗು’ ಎಂಬ ಪದಗಳನ್ನು ಕಲಿಸೋಣ. ಒಂದು ಚಮಚ ಬೆಣ್ಣೆ, ಒಂದು ಲೋಟ ಸಕ್ಕರೆ ನೀರು, ಇವಿಷ್ಟೇ ಸಾಕು. ಎರಡು ಭಾಷೆಗಳ ನಡುವೆ ಬೆಳೆಯುವ ಮಗುವಿಗೆ ಅದು ಕೊರತೆಯಲ್ಲ, ಬಂಡವಾಳವೆಂದು ಆ ದಿನ ತಿಳಿಯುತ್ತದೆ.