ಕೆರೆಯ ದಡದಲ್ಲಿ ಬಿಡಾರ



ರಜೆ ಹತ್ತಿರವಾಯಿತೆಂದರೆ ಪಟ್ಟಣವಾಸಿಗಳಾದ ನಮ್ಮೆಲ್ಲರ ಮನಸ್ಸೂ ನೀರಿನ ಕಡೆಗೆ ಹರಿಯುತ್ತದೆ. ಒಂದು ತಿಳಿನೀರಿನ ಕೆರೆ, ಅದರ ದಡದಲ್ಲಿ ಒಂದು ಗುಡಿಸಲು ಅಥವಾ ಡೇರೆ, ಮೂರು ಕಲ್ಲಿನ ಒಲೆ, ತಲೆಯ ಮೇಲೆ ನಕ್ಷತ್ರಗಳು: ಇಷ್ಟಿದ್ದರೆ ಕಚೇರಿಯನ್ನೂ ಕಾಲೇಜನ್ನೂ ನಾಲ್ಕು ದಿನ ಮರೆಯಬಹುದೆಂಬ ಆಸೆ ಯಾರಿಗೆ ತಾನೆ ಇಲ್ಲ? ಇಂಗ್ಲಿಷ್ ಓದಿದವರಲ್ಲಿ ಈ ಆಸೆ ಇನ್ನೂ ಸ್ವಲ್ಪ ಹೆಚ್ಚು. ಅಮೆರಿಕದ ತೋರೋ ಮಹಾಶಯನು 1845ರ ಜುಲೈ 4ರಂದು ವಾಲ್ಡನ್ ಎಂಬ ಕೊಳದ ಬಳಿ ಪುಟ್ಟ ಮನೆಯೊಂದನ್ನು ಸೇರಿ, ಎರಡು ವರ್ಷಕ್ಕೂ ಮೇಲ್ಪಟ್ಟು ಅಲ್ಲಿ ಒಬ್ಬನೇ ವಾಸಮಾಡಿದ ಕಥೆ ನಮಗೆ ಬಾಯಿಪಾಠವಾಗಿದೆ. ಆದರೆ ಆ ಕಥೆಯಲ್ಲಿ ನಾವು ಸಾಮಾನ್ಯವಾಗಿ ಮರೆಯುವ ಸಂಗತಿಯೊಂದುಂಟು. ಆ ಮನೆ ನಿಂತಿದ್ದ ನೆಲ ತೋರೋವಿನದಲ್ಲ, ಅವನ ಹಿರಿಯ ಮಿತ್ರನಾದ ಎಮರ್ಸನ್ನನದು. ಅವನ ಒಪ್ಪಿಗೆಯಿದ್ದುದರಿಂದಲೇ ತೋರೋ ಅಲ್ಲಿ ನೆಲೆಯಾದನು. ಅಷ್ಟು ಸ್ವತಂತ್ರನಾದ ಮನುಷ್ಯನೂ ಆ ನೀರಿನ ಬಳಿಯಲ್ಲಿ ಒಬ್ಬ ಅತಿಥಿಯಾಗಿದ್ದನು.

ನಮ್ಮ ನಾಡಿನಲ್ಲಂತೂ ಒಡೆಯನಿಲ್ಲದ ನೀರು ಬಹಳ ಅಪರೂಪ. ಕೆರೆ ಎಂದರೆ ಯಾರೋ ಕಟ್ಟೆ ಹಾಕಿಸಿದ್ದು, ಯಾರೋ ಹೂಳೆತ್ತಿದ್ದು, ಯಾರೋ ಈಗಲೂ ಬಳಸುತ್ತಿರುವುದು. ಆದಕಾರಣ ನೀರಿನ ದಡಕ್ಕೆ ವಿಹಾರ ಹೋಗಬೇಕೆನ್ನುವವರು ಏನೇನು ಹೊತ್ತುಕೊಂಡು ಹೋಗಬೇಕೆಂದು ಯೋಚಿಸುವ ಮೊದಲು, ಆ ನೀರು ಯಾರದು ಎಂದು ವಿಚಾರಿಸಬೇಕೆಂಬುದು ಈ ಭಾಷಣದ ಮುಖ್ಯಾಭಿಪ್ರಾಯ. ಇದಕ್ಕೆ ಉದಾಹರಣೆಯಾಗಿ ಬಾಗಲಕೋಟೆಯ ಸೀಮೆಯ ಮೂರು ನೀರುಗಳನ್ನು ತೆಗೆದುಕೊಳ್ಳೋಣ. ನಾಲ್ಕು ದಿನದ ಪ್ರವಾಸಕ್ಕೆ ಅವು ಹೇಳಿ ಮಾಡಿಸಿದಂತಿವೆ.

ಹೊರಡುವ ಕಾಲದ ಮಾತು ಮೊದಲು. ಆ ಸೀಮೆಯ ಬೇಸಗೆ ನಮ್ಮ ಮೈಸೂರಿನ ಬೇಸಗೆಯಲ್ಲ. ಏಪ್ರಿಲ್, ಮೇ ತಿಂಗಳುಗಳಲ್ಲಿ ಅಲ್ಲಿನ ಕೆಂಪು ಮರಳುಗಲ್ಲು ಹಗಲೆಲ್ಲ ಕುಡಿದ ಬಿಸಿಲನ್ನು ರಾತ್ರಿಯಲ್ಲಿ ಹೊರಕ್ಕೆ ಬಿಡುತ್ತದೆ. ನವೆಂಬರಿನಿಂದ ಜನವರಿಯವರೆಗೆ ಹವೆ ಹಿತವಾಗಿರುತ್ತದೆ. ಬೆಳಗಿನ ಜಾವದ ಚಳಿಗೆ ಒಂದು ಒಳ್ಳೆಯ ಕಂಬಳಿ ಸಾಕು. ರೈಲಿನಲ್ಲಿ ಹೋಗುವವರು ಹುಬ್ಬಳ್ಳಿ, ಗದಗಿನ ಮಾರ್ಗವಾಗಿ ಬಾದಾಮಿಯ ನಿಲ್ದಾಣದಲ್ಲಿ ಇಳಿಯಬಹುದು. ಊರು ಅಲ್ಲಿಂದ ನಾಲ್ಕೈದು ಕಿಲೋಮೀಟರ್ ದೂರ.

ಬಾದಾಮಿಯ ಅಗಸ್ತ್ಯತೀರ್ಥವೇ ನಮ್ಮ ಮೊದಲನೆಯ ನೀರು. ಮೂರು ಕಡೆ ಕೆಂಪು ಬೆಟ್ಟ, ನಾಲ್ಕನೆಯ ಕಡೆ ಊರು, ನಡುವೆ ಹಸುರು ನೀರು. ದಕ್ಷಿಣದ ಬೆಟ್ಟದಲ್ಲಿ ನಾಲ್ಕು ಗುಹಾಲಯಗಳು. ಅವುಗಳಲ್ಲಿ ಮೂರನೆಯದು 578ರಲ್ಲಿ, ಮಂಗಳೇಶನ ಕೈಯಲ್ಲಿ, ಸಿದ್ಧವಾದುದೆಂದು ಅಲ್ಲಿಯ ಶಾಸನ ತಿಳಿಸುತ್ತದೆ. ಪೂರ್ವದ ದಡದಲ್ಲಿ ಭೂತನಾಥನ ಗುಡಿಗಳು. ಮಳೆ ಚೆನ್ನಾಗಿ ಹೊಡೆದಾಗ ಅಕ್ಕ ತಂಗಿ ಎಂಬ ಜೋಡಿ ಜಲಪಾತಗಳು ಬಂಡೆಯ ಮೇಲಿಂದ ಧುಮುಕುತ್ತವೆ. ಮೊದಲನೆಯ ಪುಲಕೇಶಿಯು 543ರಲ್ಲಿ ಈ ಬೆಟ್ಟಕ್ಕೆ ಕೋಟೆ ಹಾಕಿದಾಗ ಇಲ್ಲಿ ಒಂದು ರಾಜಧಾನಿಯೇ ಬೆಳೆಯಿತು.

ಇಂಥ ದಡವನ್ನು ನೋಡಿದೊಡನೆ ಡೇರೆಯ ಗೂಟಗಳು ಚೀಲದಲ್ಲಿ ಚಡಪಡಿಸುತ್ತವೆ, ನಿಜ. ಆದರೆ ಇಲ್ಲಿ ಡೇರೆಯನ್ನು ಬಿಚ್ಚಲೇಬಾರದು. ರಕ್ಷಿತ ಸ್ಮಾರಕದ ಆವರಣದಲ್ಲಿ ಅಪ್ಪಣೆಯಿಲ್ಲದೆ ಅಡಿಗೆ ಮಾಡುವುದನ್ನೂ ಊಟ ಮಾಡುವುದನ್ನೂ 1959ರ ನಿಯಮಗಳು ನಿಷೇಧಿಸಿವೆ. ಕಾನೂನಿನ ಮಾತು ಹಾಗಿರಲಿ; ಬೆಳಗಾಗುತ್ತಲೇ ಕೆರೆಯ ಮೆಟ್ಟಿಲುಗಳ ಮೇಲೆ ಊರಿನ ಹೆಂಗಸರು ಬಟ್ಟೆಯ ಗಂಟುಗಳನ್ನು ತಂದಿಳಿಸುತ್ತಾರೆ. ನಮಗೆ ಅದು ದೃಶ್ಯ; ಅವರಿಗೆ ಅದು ದಿನದ ಕೆಲಸ. ಅವರ ಹಿತ್ತಿಲಿನಲ್ಲಿ ಹೋಗಿ ನಾವು ಮಲಗಿ ಏಳುವುದು ಸಭ್ಯತೆಯಲ್ಲ. ಊರಿನ ಯಾವುದಾದರೂ ವಸತಿಗೃಹದಲ್ಲಿ ಗಂಟುಮೂಟೆಯನ್ನಿಟ್ಟು, ಸೂರ್ಯೋದಯಕ್ಕೂ ಸೂರ್ಯಾಸ್ತಕ್ಕೂ ಕೆರೆಯ ಏರಿಗೆ ಬಂದು ಕೂತರೆ ಕಣ್ಣಿಗೆ ಯಾವ ನಷ್ಟವೂ ಇಲ್ಲ. ತಿಂಡಿಯ ಪೊಟ್ಟಣ ಮಾತ್ರ ಕೈಯಲ್ಲಿ ಬೇಡ. ಕೆರೆಯ ಒಡೆತನದಲ್ಲಿ ತಮಗೂ ಪಾಲುಂಟೆಂದು ನಂಬಿರುವ ಕೋತಿಗಳು ಅಲ್ಲಿ ಹೇರಳವಾಗಿವೆ.

ಈ ತೀರ್ಥಕ್ಕೆ ಅಗಸ್ತ್ಯನ ಹೆಸರು ಬಂದ ಕಥೆಯೂ ಆತಿಥ್ಯದ ಕಥೆಯೇ. ಇಲ್ವಲನು ತನ್ನ ತಮ್ಮನಾದ ವಾತಾಪಿಯನ್ನು ಆಡನ್ನಾಗಿ ಮಾಡಿ, ಅಡಿಗೆ ಮಾಡಿ ಅತಿಥಿಗಳಿಗೆ ಬಡಿಸಿ, ಬಳಿಕ ಹೆಸರು ಹಿಡಿದು ಕರೆಯುತ್ತಿದ್ದನಂತೆ. ವಾತಾಪಿ ಅವರ ಹೊಟ್ಟೆಯನ್ನು ಸೀಳಿಕೊಂಡು ಹೊರಬರುತ್ತಿದ್ದನಂತೆ. ಅಗಸ್ತ್ಯರು ಮಾತ್ರ ಅವನನ್ನು ಅರಗಿಸಿಕೊಂಡುಬಿಟ್ಟರು. ಅತಿಥಿಯನ್ನು ಕೊಲ್ಲುವ ಆತಿಥೇಯನೊಬ್ಬನಿದ್ದನೆಂದು ನಾವು ನಗುತ್ತೇವೆ. ಆದರೆ ಎಂಜಲೆಲೆಯನ್ನೂ ಬಾಟಲಿಯನ್ನೂ ನೀರಿಗೆಸೆದು ಹೋಗುವ ನಮ್ಮ ಕಾಲದ ವಿಹಾರಿಯು ಆತಿಥೇಯನನ್ನೇ ಕೊಲ್ಲುವ ಅತಿಥಿ. ಇವರಿಬ್ಬರಲ್ಲಿ ಯಾರು ಹೆಚ್ಚೆಂದು ನಿರ್ಣಯಿಸುವುದು ಕಷ್ಟ.

ಬಾದಾಮಿಯಿಂದ ಸುಮಾರು ಐದು ಕಿಲೋಮೀಟರ್ ದೂರದಲ್ಲಿರುವ ಬನಶಂಕರಿಗೆ ಒಂದು ಮಧ್ಯಾಹ್ನ ಹೋಗಿಬರಬಹುದು. ಅಲ್ಲಿ ದೇವಾಲಯದ ಮುಂದಣ ಹೊಂಡದ ಬಳಿ, ಬುಟ್ಟಿಯಲ್ಲಿ ಜೋಳದ ರೊಟ್ಟಿ, ಪಲ್ಯ, ಚಟ್ನಿ, ಮೊಸರುಗಳನ್ನು ತಂದು ಮಾರುವ ತಾಯಂದಿರಿದ್ದಾರೆ. ಮುಂದಿನ ದಾರಿಗೆ ಕಟಕ ರೊಟ್ಟಿಯನ್ನೂ ಶೇಂಗಾ ಚಟ್ನಿಯನ್ನೂ ಕೊಂಡು ಕಟ್ಟಿಕೊಂಡರೆ ಎರಡು ಮೂರು ದಿನ ಒಲೆಯ ಗೊಡವೆಯಿಲ್ಲ. ಊರಿನವರು ಮಾಡಿದ್ದನ್ನು ಬೆಲೆಕೊಟ್ಟು ಉಣ್ಣುವುದು ಅತಿಥಿಗೆ ಒಪ್ಪುವ ರೀತಿ.

ಮೂರನೆಯ ದಿನ ಪಟ್ಟದಕಲ್ಲು, ಐಹೊಳೆಗಳನ್ನು ನೋಡಿಕೊಂಡು, ಹುನಗುಂದ ತಾಲ್ಲೂಕಿನ ಕೂಡಲಸಂಗಮಕ್ಕೆ ಹೋಗೋಣ. ಸೀರೆಯ ಆಸೆಯುಳ್ಳವರು ಅಲ್ಲಿಂದ ಇಳಕಲ್ಲಿಗೂ ಹೋಗಿ, ಒಡಲಿನ ಹಾಸಿಗೆ ಸೆರಗಿನ ಹಾಸನ್ನು ಎಳೆ ಎಳೆಯಾಗಿ ಕೊಂಡಿಹಾಕಿ ಸೇರಿಸುವ ಕೆಲಸವನ್ನು ಮಗ್ಗದ ಬಳಿಯೇ ನೋಡಬಹುದು. ಸಂಗಮದಲ್ಲಿ ಮಲಪ್ರಭೆ ಕೃಷ್ಣೆಯನ್ನು ಸೇರುತ್ತಾಳೆ. ಇಂದು ಅಲ್ಲಿ ಹರಡಿರುವ ನೀರು ಕೆಳಗಿನ ನಾರಾಯಣಪುರದ ಅಣೆಕಟ್ಟಿನ ಹಿನ್ನೀರು. ಬಸವಣ್ಣನವರ ಐಕ್ಯಸ್ಥಳ ಮುಳುಗದಂತೆ ಅದರ ಸುತ್ತಲೂ ಬಾವಿಯಂತೆ ಎತ್ತರದ ಗೋಡೆ ಕಟ್ಟಿದ್ದಾರೆ. ಯಾತ್ರಿಕರು ಮೆಟ್ಟಿಲಿಳಿದು ಒಳಗಿನ ಮಂಟಪವನ್ನು ದರ್ಶನಮಾಡುತ್ತಾರೆ. ಈ ನೀರು ಭಕ್ತರದು. ದಡದಲ್ಲಿ ಮೋಜಿನ ಗದ್ದಲ ಸಲ್ಲದು.

ನಾಲ್ಕನೆಯ ದಿನದ ನೀರು ಬಾಗಲಕೋಟೆಯ ಹಿನ್ನೀರು. ಆಲಮಟ್ಟಿಯಲ್ಲಿ ಕೃಷ್ಣೆಗೆ ಅಡ್ಡಲಾಗಿ ಕಟ್ಟುವ ಅಣೆಗೆ 1964ರಲ್ಲಿ ಲಾಲ್ ಬಹಾದ್ದೂರ್ ಶಾಸ್ತ್ರಿಗಳು ಅಡಿಗಲ್ಲನ್ನಿಟ್ಟರು. ಇಂದು ಆ ಜಲಾಶಯ 519.6 ಮೀಟರ್ ಮಟ್ಟದವರೆಗೆ ತುಂಬುತ್ತದೆ. ನೀರು ಘಟಪ್ರಭೆಯ ಪಾತ್ರದಲ್ಲಿ ಹಿಂದಕ್ಕೆ ಸರಿದು, ಹಳೆಯ ಬಾಗಲಕೋಟೆಯ ದೊಡ್ಡ ಭಾಗವನ್ನೂ ಅನೇಕ ಹಳ್ಳಿಗಳನ್ನೂ ತುಂಬಿಕೊಂಡಿತು. ಜನ ನವನಗರವೆಂಬ ಹೊಸ ಊರಿಗೆ ಎದ್ದುಹೋದರು. ಸಂಜೆಯ ಹೊತ್ತು ಆ ವಿಶಾಲವಾದ ನೀರನ್ನು ಕಂಡವರಿಗೆ ಸಮುದ್ರತೀರದಲ್ಲಿ ನಿಂತಂತಾಗುತ್ತದೆ. ಆದರೆ ಅದರ ಕೆಳಗಿರುವುದು ಬೀದಿಗಳು, ಅಂಗಡಿಗಳು, ಅಡಿಗೆಮನೆಗಳು, ತುಳಸೀಕಟ್ಟೆಗಳು. ಒಂದು ಮಂಟಪಕ್ಕೆ ನೀರಿನ ನಡುವೆ ಗೋಡೆ ಕಟ್ಟುವುದು ಸಾಧ್ಯವಾಯಿತು. ಒಂದು ಊರಿಗೆ ಸಾಧ್ಯವಾಗಲಿಲ್ಲ. ಆ ನೀರಿನಿಂದ ದೂರದ ಹೊಲಗಳು ಹಸುರಾಗಿವೆ, ಅದನ್ನು ಅಲ್ಲಗಳೆಯಲಾಗದು. ಕೊಟ್ಟವರು ಒಬ್ಬರು, ಪಡೆದವರು ಇನ್ನೊಬ್ಬರು ಎಂಬುದನ್ನೂ ಅಲ್ಲಗಳೆಯಲಾಗದು. 2010ರಲ್ಲಿ ಕೃಷ್ಣಾ ಜಲವಿವಾದದ ಎರಡನೆಯ ನ್ಯಾಯಮಂಡಳಿಯು ಮಟ್ಟವನ್ನು 524.256 ಮೀಟರಿಗೆ ಏರಿಸಲು ಕರ್ನಾಟಕಕ್ಕೆ ಒಪ್ಪಿಗೆಯಿತ್ತಿತು. ಹಾಗೆ ಏರಿಸಿದರೆ ಇನ್ನಷ್ಟು ನೆಲ ನೀರಿಗೆ ಸೇರುತ್ತದೆ.

ಡೇರೆ ಹೂಡಲೇಬೇಕೆನ್ನುವವರಿಗೆ ಈ ಹಿನ್ನೀರಿನ ಸೀಮೆಯಲ್ಲಿ ಅವಕಾಶ ಸಿಕ್ಕೀತು. ಹೊಲದ ಒಡೆಯನನ್ನು ಹಗಲಲ್ಲೇ ಕಂಡು, ಕೇಳಿ, ಒಪ್ಪಿದರೆ ಮಾತ್ರ. ಆ ತಿಂಗಳುಗಳಲ್ಲಿ ಬಿಳಿಜೋಳ ಹೊಲದಲ್ಲಿ ನಿಂತಿರುತ್ತದೆ. ಬೆಳೆಯನ್ನು ತುಳಿಯಬಾರದೆಂದು ಹೇಳಬೇಕಾದ್ದಿಲ್ಲ. ಎರೆಭೂಮಿ ಒಣಗಿದಾಗ ಬಿರಿಯುತ್ತದೆ, ನೆನೆದಾಗ ಕಾಲನ್ನು ಹಿಡಿದು ಬಿಡುವುದಿಲ್ಲ. ಆದಕಾರಣ ಗಟ್ಟಿಯಾದ ದಿಬ್ಬವನ್ನೇ ಆರಿಸಬೇಕು. ನೀರಿನ ಅಂಚಿಗೆ ತೀರ ಹತ್ತಿರ ಮಲಗಬಾರದು. ಅಣೆಕಟ್ಟಿನ ನೀರು ಮಳೆಯನ್ನಷ್ಟೇ ನಂಬಿ ಏರಿಳಿಯುವುದಲ್ಲ. ಮೇಲಿನಿಂದ ಬಿಟ್ಟ ನೀರಿಗೆ ನಮ್ಮ ನಿದ್ರೆಯ ಪರಿವೆಯಿಲ್ಲ. ಈಜು ಬಲ್ಲವರೂ ಇಲ್ಲಿ ಇಳಿಯದಿರುವುದು ಕ್ಷೇಮ. ಮುಳುಗಿದ ಊರಿನ ಗೋಡೆಗಳೂ ಮುಳ್ಳುಕಂಟಿಗಳೂ ಹೂಳೂ ಮೇಲಿನಿಂದ ಕಾಣವು. ಬೂಟನ್ನು ಬೆಳಗ್ಗೆ ಝಾಡಿಸಿಯೇ ಹಾಕಿಕೊಳ್ಳಬೇಕು. ಚೇಳುಗಳಿಗೂ ಬೆಚ್ಚನೆಯ ಬಿಡಾರದ ಆಸೆ ಉಂಟು.

ಆ ಹೊಲದ ಒಡೆಯನೊಡನೆ ಅರ್ಧ ಗಂಟೆ ಕೂತು ಮಾತಾಡುವುದನ್ನು ಕಾರ್ಯಕ್ರಮದಲ್ಲಿ ಸೇರಿಸಿಕೊಳ್ಳಿರೆಂದು ನನ್ನ ವಿಜ್ಞಾಪನೆ. "ನಿಮ್ಮ ಮನಿ ಎಲ್ಲಿತ್ರೀ?" ಎಂದು ಕೇಳಿದರೆ, ಅವನು ಬೆರಳೆತ್ತಿ ನೀರಿನ ಕಡೆಗೇ ತೋರಿಸಬಹುದು. ಆ ಬೆರಳು ತೋರಿದ ಕಡೆ ಒಮ್ಮೆ ನೋಡಿದವನಿಗೆ ಕೆರೆಯೆಂದರೆ ಬರಿಯ ಚಿತ್ರವಾಗಿ ಉಳಿಯುವುದಿಲ್ಲ. ಅವನು ಮರಳಿ ಬಂದು ನಲ್ಲಿ ತಿರುಗಿಸುವಾಗಲೂ, ಈ ನೀರು ಯಾರದು, ಇದಕ್ಕಾಗಿ ಯಾರು ಏನನ್ನು ಬಿಟ್ಟುಕೊಟ್ಟರು ಎಂದು ಕ್ಷಣಕಾಲ ಯೋಚಿಸುತ್ತಾನೆ. ವಿಹಾರದಿಂದ ದೇಹಕ್ಕೆ ವಿಶ್ರಾಂತಿ ಬೇಕಾದದ್ದೇ. ಅದರ ಜೊತೆಗೆ ಇಷ್ಟು ಎಚ್ಚರವೂ ದೊರೆತರೆ ರೈಲಿನ ಖರ್ಚು ದಂಡವಾಗಲಿಲ್ಲವೆಂದು ತಿಳಿಯಬಹುದು.