ಟೊಂಕ ಕಟ್ಟಿ ನೆಗೆಯುವುದು

ಸಿ.ವಿ. ರಾಮನ್ ನಗರದಲ್ಲಿ ನಾನು ಬೆಳಗಿನ ನಡಿಗೆಗೆ ಹೋಗುವ ಉದ್ಯಾನದಲ್ಲಿ ಹುಡುಗನೊಬ್ಬ ಶಾಲೆಯ ಉದ್ದಜಿಗಿತದ ಪಂದ್ಯಕ್ಕಾಗಿ ಅಭ್ಯಾಸ ಮಾಡುತ್ತಿದ್ದ. ಸಿಮೆಂಟಿನ ಕಟ್ಟೆಯಿಂದ ಹಾಸುಗಲ್ಲಿನ ಮೇಲೆ ಧುಮುಕುವುದು, ಹತ್ತುವುದು, ಮತ್ತೆ ಧುಮುಕುವುದು. ಎಣಿಕೆ ದಿನಕ್ಕೆ ನೂರನ್ನು ಮೀರುತ್ತಿತ್ತು. ಮೂರನೆಯ ವಾರ ಅವನು ಮೊಣಕಾಲು ನೀವಿಕೊಳ್ಳುತ್ತ ಬೆಂಚಿನ ಮೇಲೆ ಕುಳಿತಿದ್ದ.

ಕನ್ನಡದ ಪಾಠ ಹೇಳಿ ನಿವೃತ್ತನಾದವನಿಗೆ ಈ ವಿಷಯದಲ್ಲಿ ಏನು ಅಧಿಕಾರವೆಂದು ಕೇಳುಗರು ಕೇಳಬಹುದು. ನನಗಿರುವುದು ಒಂದು ನುಡಿಗಟ್ಟಿನ ಬಲ ಮಾತ್ರ. ಕಷ್ಟದ ಕೆಲಸಕ್ಕೆ ಇಳಿಯುವವನು ಟೊಂಕ ಕಟ್ಟಿದ ಎನ್ನುತ್ತೇವೆಯೇ ಹೊರತು ಕಾಲು ಕಟ್ಟಿದ ಎನ್ನುವುದಿಲ್ಲ. ನಮ್ಮ ಗರಡಿಮನೆಗಳಿಗೂ ಇದು ಗೊತ್ತಿತ್ತು. ಅಲ್ಲಿ ಬಸ್ಕಿಯ ಜೊತೆಗೆ ದಂಡವೂ ಇತ್ತು. ದಂಡ ಹೊಡೆಯುವಾಗ ಹೊಟ್ಟೆ, ಬೆನ್ನು, ಭುಜಗಳು ಒಟ್ಟಿಗೆ ದುಡಿಯುತ್ತವೆ.

ಎತ್ತರದಿಂದ ಇಳಿದೊಡನೆಯೇ ಮೇಲಕ್ಕೆ ಚಿಮ್ಮುವ ಅಭ್ಯಾಸವನ್ನು 1960ರ ದಶಕದಲ್ಲಿ ಶಾಸ್ತ್ರೀಯವಾಗಿ ಬೆಳೆಸಿದವರು ಸೋವಿಯತ್ ತರಬೇತುದಾರ ಯೂರಿ ವೆರ್ಖೋಶಾನ್ಸ್ಕಿ. ನೆಲ ಮುಟ್ಟಿದಾಗ ಕಾಲಿನ ಸ್ನಾಯುಗಳೂ ಅವುಗಳ ನಾರುಗಳೂ ಹಿಗ್ಗುತ್ತವೆ. ತಡಮಾಡದೆ ನೆಗೆದರೆ ಆ ಹಿಗ್ಗೇ ಬಲವಾಗಿ ಮರಳುತ್ತದೆ. ಆದರೆ ಆ ಬಲ ದೇಹವನ್ನೆಲ್ಲ ಎತ್ತಬೇಕಾದರೆ ನಡುವಿನ ಮೂಲಕವೇ ಹಾಯಬೇಕು. ನಡು ಬಳುಕಿದರೆ, ಕಾವು ಸಡಿಲವಾದ ಕೊಡಲಿಯ ಏಟಿನಂತೆ, ಅರ್ಧ ಬಲ ದಾರಿಯಲ್ಲೇ ಸೋರಿಹೋಗುತ್ತದೆ. ಇದು ದಣಿದಷ್ಟೂ ಫಲ ಕೊಡುವ ಅಭ್ಯಾಸವೂ ಅಲ್ಲ. ದಣಿದವನು ನೆಲದ ಮೇಲೆ ಹೆಚ್ಚು ಹೊತ್ತು ನಿಲ್ಲುತ್ತಾನೆ. ಚಿಮ್ಮು ಹೋಗುತ್ತದೆ, ಪೆಟ್ಟು ಮಾತ್ರ ಉಳಿಯುತ್ತದೆ.

ಉದ್ದಜಿಗಿತದಲ್ಲಿ ಹಲಗೆಯ ಮೇಲೆ ಪಾದವಿರುವುದು ಸೆಕೆಂಡಿನ ಎಂಟನೆಯ ಒಂದು ಭಾಗದಷ್ಟು ಹೊತ್ತು. ಅಂಜು ಬಾಬಿ ಜಾರ್ಜ್ 2003ರಲ್ಲಿ ಪ್ಯಾರಿಸ್ಸಿನ ವಿಶ್ವ ಕೂಟದಲ್ಲಿ 6.70 ಮೀಟರ್ ಹಾರಿ ಕಂಚು ಗೆದ್ದದ್ದು ಅಷ್ಟೇ ಹೊತ್ತಿನ ಕೆಲಸದಿಂದ. ನಮ್ಮ ಬೆಂಗಳೂರಿನಲ್ಲೇ ಅವರ ಬಳಿ ಪಳಗಿದ ಶೈಲಿ ಸಿಂಗ್, 2021ರಲ್ಲಿ ನೈರೋಬಿಯ ಕಿರಿಯರ ವಿಶ್ವ ಕೂಟದಲ್ಲಿ 6.59 ಮೀಟರ್ ಹಾರಿದಾಗ ಚಿನ್ನ ತಪ್ಪಿದ್ದು ಒಂದೇ ಒಂದು ಸೆಂಟಿಮೀಟರಿನಿಂದ. ಸೋರಿಹೋಗುವ ಬಲದ ಬೆಲೆ ಅಲ್ಲಿ ತಿಳಿಯುತ್ತದೆ.

ಹುಡುಗನನ್ನು ಮೊದಲು ವೈದ್ಯರ ಬಳಿಗೆ ಕಳಿಸಿದೆ. ನೋವು ಇಳಿದ ಮೇಲೆ, ನೆಗೆತ ಹುಲ್ಲಿನ ಮೇಲೆ, ವಾರಕ್ಕೆ ಎರಡೇ ದಿನ, ಒಮ್ಮೆಗೆ ಐದಾರು ಸಲ ಸಾಕೆಂದು ಒಪ್ಪಿಸಿದೆ. ಉಳಿದ ದಿನಗಳಲ್ಲಿ ಮೊಣಕೈ, ಕಾಲ್ಬೆರಳುಗಳ ಮೇಲೆ ಮೈಯನ್ನು ಹಲಗೆಯಂತೆ ನೇರವಾಗಿ ಹಿಡಿದಿರಬೇಕು. ಮೊದಲ ದಿನ ಇಪ್ಪತ್ತು ಎಣಿಸುವಷ್ಟರಲ್ಲಿ ನಡುಗಿ ಕುಸಿದ.

"ಏನ್ ಸಾರ್ ಇದು, ಅಲ್ಲಾಡದೆ ಇರೋದೇ ಹಾರೋದಕ್ಕಿಂತ ಕಷ್ಟ!" ಎಂದ, ಮುಖದ ಹುಲ್ಲು ಒರಸಿಕೊಳ್ಳುತ್ತ.